ಫೆಡರಲ್ ಮುಗೀತು, ಸ್ಟೇಟ್ ಇನ್ನೂ ಬಾಕಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಅಮೆರಿಕದಲ್ಲಿ ಸಣ್ಣದಾಗಿ ಸ್ವಂತ ಬಿಸಿನೆಸ್ ನಡೆಸುವ ನಮ್ಮವರು, ಎಲ್‌ಎಲ್‌ಸಿ, ಪಾರ್ಟ್‌ನರ್‌ಶಿಪ್, ಎಸ್ ಕಾರ್ಪ್ ಇಟ್ಟುಕೊಂಡವರು, ಐಆರ್‌ಎಸ್ (ಕೇಂದ್ರದ ತೆರಿಗೆ ಇಲಾಖೆ) ಲೆಕ್ಕ ಮುಗಿಸಿ ಉಸಿರು ಬಿಡುವಷ್ಟರಲ್ಲಿ ರಾಜ್ಯದ ಕವರ್ ಒಂದು ಬಂದಿರುತ್ತದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ.

ಹೊಸಬರಿಗೆ ಎರಡು ಮಾತು. ಎಲ್‌ಎಲ್‌ಸಿ ಅಂದರೆ ಮಾಲೀಕರ ಹೊಣೆಗೆ ಮಿತಿಯಿರುವ ಕಂಪನಿ, ಎಸ್ ಕಾರ್ಪ್ ಅಂದರೆ ಲಾಭ ಮಾಲೀಕರ ಲೆಕ್ಕಕ್ಕೇ ಹೋಗಲಿ ಅಂತ ಐಆರ್‌ಎಸ್‌ಗೆ ಹೇಳಿಕೊಂಡ ಕಂಪನಿ. ಇವೆಲ್ಲ ಪಾಸ್-ಥ್ರೂ ಬಿಸಿನೆಸ್‌ಗಳು. ಕಂಪನಿ ತಾನಾಗಿ ಫೆಡರಲ್ ಆದಾಯ ತೆರಿಗೆ ಕಟ್ಟುವುದಿಲ್ಲ. ಲಾಭ ಮಾಲೀಕರ ರಿಟರ್ನ್‌ಗೆ ಬರುತ್ತದೆ, ತೆರಿಗೆ ಬೀಳುವುದು ಅಲ್ಲಿ. ಒಬ್ಬರೇ ಮಾಲೀಕರಾದರೆ ಶೆಡ್ಯೂಲ್ ಸಿ ಅನ್ನುವ ಫಾರ್ಮ್, ಪಾರ್ಟ್‌ನರ್‌ಗಳಿದ್ದರೆ ಅಥವಾ ಎಸ್ ಕಾರ್ಪ್ ಆಗಿದ್ದರೆ ಪ್ರತಿಯೊಬ್ಬರ ಪಾಲು ತೋರಿಸುವ ಕೆ-1. ಇದು ಐಆರ್‌ಎಸ್ ನೋಡುವ ರೀತಿ. ರಾಜ್ಯಗಳೂ ಹೀಗೇ ನೋಡಬೇಕು ಅಂತೇನೂ ಇಲ್ಲ. ಕೆಲವು ಒಪ್ಪುತ್ತವೆ, ಕೆಲವು ಅರ್ಧ ಒಪ್ಪುತ್ತವೆ, ಕೆಲವು ಕಂಪನಿಯ ಕೈಯಿಂದಲೂ ಒಂದಿಷ್ಟು ವಸೂಲಿ ಮಾಡುತ್ತವೆ. ಕೆಳಗಿನ ಗೋಳೆಲ್ಲ ಅಲ್ಲಿಂದಲೇ ಶುರು.

ಮೇಡಂ, ನಾನು ಟೆಕ್ಸಸ್‌ನ ಪ್ಲೇನೋದಲ್ಲಿದ್ದೇನೆ. ನಾನೊಬ್ಬನೇ ಮಾಲೀಕನಾಗಿರುವ ಎಲ್‌ಎಲ್‌ಸಿ ಇದೆ, ಸಾಫ್ಟ್‌ವೇರ್ ಕನ್ಸಲ್ಟಿಂಗ್. ಇರುವ ಒಬ್ಬನೇ ಕ್ಲೈಂಟ್ ಸ್ಯಾನ್ ಹೋಸೆಯವನು. ಕೆಲಸವೆಲ್ಲ ಮನೆಯಿಂದಲೇ, ಕ್ಯಾಲಿಫೋರ್ನಿಯಾಗೆ ನಾನು ಕಾಲಿಟ್ಟೇ ಇಲ್ಲ. ಆದರೂ ಅಲ್ಲಿಂದ ನೋಟಿಸ್ ಬಂದಿದೆ. ಟೆಕ್ಸಸ್‌ನಲ್ಲಿ ಇನ್‌ಕಮ್ ಟ್ಯಾಕ್ಸೇ ಇಲ್ಲವಲ್ಲ, ಇದೇನು ದಬ್ಬಾಳಿಕೆ?

ದಬ್ಬಾಳಿಕೆ ಅನ್ನಿಸುವುದು ಸಹಜ, ಆದರೆ ನೋಟಿಸ್‌ನಲ್ಲಿ ಹುರುಳಿದೆ. ನೀವು ಎಲ್ಲಿ ಕೂತು ಕೆಲಸ ಮಾಡಿದಿರಿ ಎನ್ನುವುದು ಸಂಬಳದ ನೌಕರರಿಗೆ ಮುಖ್ಯ. ಸ್ವಂತ ಬಿಸಿನೆಸ್‌ನವರಿಗೆ ಕ್ಯಾಲಿಫೋರ್ನಿಯಾ ಕೇಳುವ ಪ್ರಶ್ನೆ ಬೇರೆ: ನಿಮ್ಮ ಸೇವೆಯ ಪ್ರಯೋಜನ ಗಿರಾಕಿಗೆ ಎಲ್ಲಿ ಸಿಕ್ಕಿತು? ಸ್ಯಾನ್ ಹೋಸೆಯ ಕಂಪನಿ ನಿಮ್ಮ ಕೆಲಸವನ್ನು ಸ್ಯಾನ್ ಹೋಸೆಯಲ್ಲೇ ಬಳಸಿದರೆ ಆ ಆದಾಯ ಕ್ಯಾಲಿಫೋರ್ನಿಯಾದ್ದು ಅಂತ ಅವರ ಲೆಕ್ಕ. 2019ರಲ್ಲಿ ಇಂಥದ್ದೇ ಒಂದು ಕೇಸ್ ಅಲ್ಲಿನ ತೆರಿಗೆ ಮೇಲ್ಮನವಿ ಕಚೇರಿಯ ಮುಂದೆ ಬಂತು. ಅರಿಜೋನಾದಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬ ಚಿತ್ರಕಥೆಗಾರ, ಬರೆದದ್ದೆಲ್ಲ ಅರಿಜೋನಾದಲ್ಲೇ, ದುಡ್ಡು ಕೊಟ್ಟದ್ದು ಕ್ಯಾಲಿಫೋರ್ನಿಯಾದ ಕಂಪನಿಗಳು. ತೆರಿಗೆ ಕಟ್ಟಬೇಕು ಅಂತಲೇ ತೀರ್ಪಾಯಿತು, ಮುಂದಿನ ಕೇಸುಗಳಿಗೂ ಅದು ಮಾದರಿಯಾಗಿ ನಿಂತಿದೆ.

ಹಾಗಾಗಿ ನೀವು ನಾನ್-ರೆಸಿಡೆಂಟ್ ರಿಟರ್ನ್, ಅಂದರೆ ಫಾರ್ಮ್ 540ಎನ್‌ಆರ್ ಹಾಕಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ನಿಮ್ಮ ಒಟ್ಟು ವ್ಯಾಪಾರದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕ್ಯಾಲಿಫೋರ್ನಿಯಾದಿಂದ ಬಂದರೆ ಎಲ್‌ಎಲ್‌ಸಿಯೂ ಅಲ್ಲಿ ವ್ಯವಹಾರ ಮಾಡುತ್ತಿದೆ ಅಂತ ಅರ್ಥ. ನಿಮ್ಮದು ನೂರಕ್ಕೆ ನೂರು. ಅಂದ ಮೇಲೆ ವರ್ಷಕ್ಕೆ 800 ಡಾಲರ್ ಕನಿಷ್ಠ ತೆರಿಗೆ, ಎಲ್‌ಎಲ್‌ಸಿಯ ರಿಟರ್ನ್ ಫಾರ್ಮ್ 568, ಜೊತೆಗೆ ಅಲ್ಲಿಂದ ಬಂದ ಒಟ್ಟು ಆದಾಯ 2,50,000 ಡಾಲರ್ ಮುಟ್ಟಿದರೆ 900 ಡಾಲರ್ ಶುಲ್ಕ, 5 ಲಕ್ಷ ಮುಟ್ಟಿದರೆ 2,500. ಇದು ಲಾಭದ ಮೇಲಲ್ಲ, ಒಟ್ಟು ವಸೂಲಿಯ ಮೇಲೆ, ಗಮನಿಸಿ. ನಷ್ಟವಾದ ವರ್ಷವೂ ಕಟ್ಟಲೇಬೇಕು.

ಬೇರೆ ರಾಜ್ಯದಲ್ಲಿ ಇದ್ದವರಿಗೆ ಹೀಗೆ ಕಟ್ಟಿದ್ದಕ್ಕೆ ತಮ್ಮ ರಾಜ್ಯದಲ್ಲಿ ಕ್ರೆಡಿಟ್, ಅಂದರೆ ಅಲ್ಲಿನ ತೆರಿಗೆಯಲ್ಲಿ ಕಡಿತ, ಸಿಗುತ್ತದೆ. ನಿಮ್ಮ ಟೆಕ್ಸಸ್‌ನಲ್ಲಿ ಆದಾಯ ತೆರಿಗೆಯೇ ಇಲ್ಲವಾದ್ದರಿಂದ ಕ್ರೆಡಿಟ್ ಕೊಡಲು ಏನೂ ಇಲ್ಲ. ತೆರಿಗೆ ಇಲ್ಲದ ರಾಜ್ಯದಲ್ಲಿ ಇರುವವರಿಗೇ ಇಲ್ಲಿ ಜಾಸ್ತಿ ಉರಿ, ವಿಚಿತ್ರ ಅಲ್ವಾ.

ಒಂದು ದಾರಿ ಇದೆ, ಅದೂ ನಿಜವಾಗಿದ್ದರೆ ಮಾತ್ರ. ಕ್ಲೈಂಟ್‌ನ ಹೆಡ್ ಆಫೀಸ್ ಸ್ಯಾನ್ ಹೋಸೆಯಲ್ಲಿದ್ದು, ನಿಮ್ಮ ಕೆಲಸವನ್ನು ಬಳಸುವ ತಂಡ ಅಟ್ಲಾಂಟಾದಲ್ಲೋ ಚಿಕಾಗೋದಲ್ಲೋ ಇದ್ದರೆ ಆ ಪಾಲನ್ನು ಕ್ಯಾಲಿಫೋರ್ನಿಯಾದ ಲೆಕ್ಕದಿಂದ ತೆಗೆಯಬಹುದು. ಕರಾರು ಪತ್ರ, ಇಮೇಲ್, ಕೆಲಸದ ವಿವರ ತೆಗೆದಿಡಿ. ಸುಮ್ನೆ ಬಾಯಿಮಾತಿಗೆ ಅವರು ಒಪ್ಪುವುದಿಲ್ಲ.

ಮತ್ತೆ, ಟೆಕ್ಸಸ್‌ನಲ್ಲಿ ಏನೂ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಅಲ್ಲಿ ಕಂಪನಿಗಳ ಮೇಲೆ ಫ್ರ್ಯಾಂಚೈಸ್ ಟ್ಯಾಕ್ಸ್ ಇದೆ, ಎಲ್‌ಎಲ್‌ಸಿಗಳಿಗೂ ಲಾಗೂ ಆಗುತ್ತದೆ. 2025ರ ರಿಪೋರ್ಟ್‌ಗೆ ಒಟ್ಟು ಆದಾಯ 24.7 ಲಕ್ಷ ಡಾಲರ್ ದಾಟದಿದ್ದರೆ ತೆರಿಗೆ ಸೊನ್ನೆ. ಆದರೆ ಮೇ 15ರೊಳಗೆ ಕಂಪನಿಯ ಮಾಹಿತಿ ವರದಿ ಕೊಡಲೇಬೇಕು. ಅದನ್ನು ಮರೆತು ಎಲ್‌ಎಲ್‌ಸಿಯ ಮಾನ್ಯತೆಯನ್ನೇ ಕಳೆದುಕೊಳ್ಳುವವರಿದ್ದಾರೆ.

ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇದ್ದೇವೆ. ನಾನು ಮತ್ತು ನನ್ನ ಗೆಳತಿ ಸೇರಿ ಪೆನ್ಸಿಲ್ವೇನಿಯಾದಲ್ಲಿ ಡೇ ಕೇರ್ ತೆರೆದಿದ್ದೇವೆ, ಪಾರ್ಟ್‌ನರ್‌ಶಿಪ್. ಎರಡೂ ರಾಜ್ಯಗಳ ನಡುವೆ ಒಪ್ಪಂದ ಇದೆ, ಇರುವ ರಾಜ್ಯಕ್ಕೆ ಮಾತ್ರ ಕಟ್ಟಿದರೆ ಸಾಕು ಅಂತ ನನ್ನ ಗಂಡ ಹೇಳುತ್ತಾರೆ. ಅವರು ಕೆಲಸಕ್ಕೆ ಹೋಗುವುದೂ ಫಿಲಡೆಲ್ಫಿಯಾ ಕಡೆಗೇ. ಮೊದಲ ವರ್ಷ ನಮಗೆ ನಷ್ಟವಾಗಿದೆ.

ನಿಮ್ಮ ಯಜಮಾನರ ಮಾತು ಅವರ ಮಟ್ಟಿಗೆ ಸರಿ. ಆ ಒಪ್ಪಂದ ಸಂಬಳಕ್ಕೆ ಮಾತ್ರ. ಅವರ ಪೇ ಚೆಕ್‌ಗೆ ಅನ್ವಯಿಸುತ್ತದೆ, ನಿಮ್ಮ ಕೆ-1ಗೆ ಅಲ್ಲ. ಡೇ ಕೇರ್ ಇರುವುದು ಪೆನ್ಸಿಲ್ವೇನಿಯಾದಲ್ಲಿ, ಆದ್ದರಿಂದ ಅದರ ಲಾಭಕ್ಕೆ ಮೊದಲ ಹಕ್ಕು ಆ ರಾಜ್ಯದ್ದು, ದರ 3.07 ಪರ್ಸೆಂಟ್. ಲಾಭ ಬಂದ ವರ್ಷ ಬೇರೆ ರಾಜ್ಯದಲ್ಲಿರುವ ಪಾರ್ಟ್‌ನರ್‌ಗಳ ಪಾಲಿನ ಮೇಲೆ ಇಷ್ಟನ್ನು ಪಾರ್ಟ್‌ನರ್‌ಶಿಪ್ಪೇ ಹಿಡಿದು ಕಟ್ಟಬೇಕು. ನೀವಿಬ್ಬರೂ ಅಲ್ಲಿ ನಾನ್-ರೆಸಿಡೆಂಟ್ ಲೆಕ್ಕ ಕೊಡಬೇಕು.

ಆಮೇಲೆ ನ್ಯೂಜೆರ್ಸಿ. ಅದು ತನ್ನ ನಿವಾಸಿಗಳ ಆದಾಯ ಜಗತ್ತಿನ ಯಾವ ಮೂಲೆಯಿಂದ ಬಂದರೂ ಎಣಿಸುತ್ತದೆ, ಪೆನ್ಸಿಲ್ವೇನಿಯಾಗೆ ಕಟ್ಟಿದ್ದಕ್ಕೆ ಕ್ರೆಡಿಟ್ ಕೊಡುತ್ತದೆ, ತನ್ನ ದರ ಜಾಸ್ತಿಯಿದ್ದರೆ ವ್ಯತ್ಯಾಸವನ್ನು ಕೇಳುತ್ತದೆ. ಈ ಕ್ರೆಡಿಟ್ ರಾಜ್ಯದ ಔದಾರ್ಯ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಮೇರಿಲ್ಯಾಂಡ್‌ನ ವಿನ್ ಕೇಸಿನಲ್ಲಿ ಇದನ್ನು 5–4ರಲ್ಲಿ ತೀರ್ಮಾನಿಸಿತು. ಆ ದಂಪತಿಗೆ ಪಾಲಿದ್ದ ಎಸ್ ಕಾರ್ಪ್ 39 ರಾಜ್ಯಗಳಲ್ಲಿ ತೆರಿಗೆ ಕಟ್ಟಿತ್ತು. ಮೇರಿಲ್ಯಾಂಡ್ ರಾಜ್ಯದ ತೆರಿಗೆಗೆ ಕ್ರೆಡಿಟ್ ಕೊಟ್ಟು ಕೌಂಟಿ ತೆರಿಗೆಗೆ ಕೊಡಲಿಲ್ಲ. ಒಂದೇ ದುಡ್ಡಿಗೆ ಎರಡು ಸಲ ತೆರಿಗೆ ಹಾಕಿ ಹೊರರಾಜ್ಯದ ವ್ಯಾಪಾರಕ್ಕೆ ಅಡ್ಡಿ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟ್ ಹೇಳಿತು. ಸಣ್ಣ ಪಾಸ್-ಥ್ರೂ ಮಾಲೀಕರಿಗೆ ಇದಕ್ಕಿಂತ ಉಪಯೋಗವಾದ ತೀರ್ಪು ನನಗೆ ಕಂಡಿಲ್ಲ.

ಇನ್ನು ನಷ್ಟದ ಮಾತು. ಇಲ್ಲಿ ನಿಮಗೆ ನಿರಾಸೆಯಾಗುತ್ತದೆ. ಫೆಡರಲ್‌ನಲ್ಲಿ, ನೀವೇ ಬಿಸಿನೆಸ್ ನಡೆಸುತ್ತಿರುವಾಗ, ಹಾಕಿದ ಬಂಡವಾಳದ ಮಿತಿಯೊಳಗೆ ಆ ನಷ್ಟವನ್ನು ನಿಮ್ಮ ಯಜಮಾನರ ಸಂಬಳದಿಂದ ಕಳೆಯಬಹುದು. ನ್ಯೂಜೆರ್ಸಿಯಲ್ಲಿ ಆಗುವುದಿಲ್ಲ. ಅಲ್ಲಿ ಸಂಬಳ ಬೇರೆ ಖಾನೆ, ವ್ಯಾಪಾರ ಬೇರೆ ಖಾನೆ, ಒಂದರ ನಷ್ಟ ಇನ್ನೊಂದಕ್ಕೆ ದಾಟುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿಯೂ ಹಾಗೇ, ಇನ್ನೂ ಗಟ್ಟಿ: ಗಂಡನ ಲಾಭಕ್ಕೆ ಹೆಂಡತಿಯ ನಷ್ಟ ಜೋಡಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಹಾಗಾಗಿ ಮೊದಲ ವರ್ಷ ಖರ್ಚು ಮಾಡುವ ಮುಂಚೆಯೇ, ಯಾವ ಖರ್ಚನ್ನು ಲಾಭ ಬರುವ ವರ್ಷಕ್ಕೆ ಮುಂದೂಡಬಹುದು ಅಂತ ಯೋಚಿಸಬೇಕಿತ್ತು. ಎರಡನೇ ವರ್ಷಕ್ಕಾದರೂ ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಡೇ ಕೇರ್ ಫಿಲಡೆಲ್ಫಿಯಾ ಊರಿನ ಒಳಗೇ ಇದ್ದರೆ ಊರಿನ ವ್ಯಾಪಾರ ತೆರಿಗೆಯೂ ಇದೆ, ಅದರ ಲೆಕ್ಕ ಬೇರೆ.

ಡೆಲವೇರ್‌ನಲ್ಲಿ ಎಲ್‌ಎಲ್‌ಸಿ ಮಾಡಿದರೆ ಸ್ಟೇಟ್ ಟ್ಯಾಕ್ಸ್ ಉಳಿಯುತ್ತದೆ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ನಾನಿರುವುದು ಸ್ಯಾಕ್ರಮೆಂಟೊದಲ್ಲಿ. ಮಾಡಿಸಲೇ?

ಬೇಡ. ನೀವಿರುವುದು ಕ್ಯಾಲಿಫೋರ್ನಿಯಾ, ಕೆಲಸ ಮಾಡುವುದು ಕ್ಯಾಲಿಫೋರ್ನಿಯಾ, ಲಾಭ ನಿಮ್ಮ ಕ್ಯಾಲಿಫೋರ್ನಿಯಾ ರಿಟರ್ನ್‌ಗೇ ಬರುತ್ತದೆ. ಡೆಲವೇರ್‌ಗೆ ವರ್ಷಕ್ಕೆ 300 ಡಾಲರ್, ಅಲ್ಲೊಬ್ಬ ರಿಜಿಸ್ಟರ್ಡ್ ಏಜೆಂಟ್‌ಗೆ ಫೀಸು, ಆ ಕಂಪನಿಯನ್ನೇ ಇಲ್ಲಿ ಹೊರರಾಜ್ಯದ ಎಲ್‌ಎಲ್‌ಸಿ ಅಂತ ನೋಂದಾಯಿಸಿ ಮತ್ತೆ ಅದೇ 800. ಹೂಡಿಕೆದಾರರಿಂದ ದೊಡ್ಡ ಹಣ ಎತ್ತುವ ಕಂಪನಿಗಳಿಗೆ ಡೆಲವೇರ್ ಬೇಕಾಗುತ್ತದೆ, ಅದಕ್ಕೆ ಕಾರಣ ಅಲ್ಲಿನ ಕಂಪನಿ ಕಾನೂನು, ತೆರಿಗೆಯಲ್ಲ. ವ್ಯೋಮಿಂಗ್, ನೆವಾಡಾ ವಿಡಿಯೊಗಳಿಗೂ ಇದೇ ಉತ್ತರ.

ಫ್ರೀಮಾಂಟ್‌ನಲ್ಲಿ ನನ್ನದು ಎಸ್ ಕಾರ್ಪ್. ನನ್ನ ಸಂಬಳ ಕಳೆದು ಸುಮಾರು 2 ಲಕ್ಷ ಡಾಲರ್ ಲಾಭ ಉಳಿಯುತ್ತದೆ. ಪತ್ನಿಗೂ ಕೆಲಸ ಇದೆ. ಇಷ್ಟು ವರ್ಷ ನಮ್ಮ ಸಿಪಿಎ (ಅಕೌಂಟೆಂಟ್) ಪಿಟಿಇ ತೆರಿಗೆ ಕಟ್ಟಿಸುತ್ತಿದ್ದರು. ಈಗ ಸಾಲ್ಟ್ ಮಿತಿ 40,000 ಆಯಿತಲ್ಲ, ಇನ್ನು ಅದರ ಅಗತ್ಯ ಇಲ್ಲ ಅಂತ ಸ್ನೇಹಿತರು ಹೇಳುತ್ತಾರೆ. ನಿಜವೇ?

ಸ್ನೇಹಿತರು ಅರ್ಧ ಕೇಳಿಸಿಕೊಂಡಿದ್ದಾರೆ. ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಬೇಕಾಗುತ್ತದೆ.

2017ರ ತೆರಿಗೆ ಕಾನೂನು, ರಾಜ್ಯ ಮತ್ತು ಊರಿನ ತೆರಿಗೆಗಳನ್ನು ಫೆಡರಲ್ ಲೆಕ್ಕದಲ್ಲಿ ಕಳೆಯುವುದಕ್ಕೆ 10,000 ಡಾಲರ್ ಮಿತಿ ಹಾಕಿತು, ಇದೇ ಸಾಲ್ಟ್ ಮಿತಿ. ಅದು ವ್ಯಕ್ತಿಗಳಿಗೆ ಮಾತ್ರ, ಕಂಪನಿಗಳಿಗೆ ಅಲ್ಲ. ಜಾಣ ರಾಜ್ಯಗಳು ಈ ಸಂದು ಕಂಡುಕೊಂಡವು: ಮಾಲೀಕ ಕಟ್ಟಬೇಕಾದ ರಾಜ್ಯ ತೆರಿಗೆಯನ್ನು ಕಂಪನಿಯೇ ಕಟ್ಟಲಿ, ಅದು ಕಂಪನಿಯ ಖರ್ಚಾಗಲಿ, ಮಾಲೀಕನಿಗೆ ರಾಜ್ಯದಲ್ಲಿ ಅಷ್ಟೇ ಕ್ರೆಡಿಟ್ ಸಿಗಲಿ. ಇದೇ ಪಿಟಿಇ ತೆರಿಗೆ. 2018ರಲ್ಲಿ ಕನೆಕ್ಟಿಕಟ್ ಮೊದಲು ಮಾಡಿತು. 2020ರ ನವೆಂಬರ್‌ನಲ್ಲಿ ಐಆರ್‌ಎಸ್ ಒಂದು ನೋಟಿಸ್ ಹೊರಡಿಸಿ ಸೈ ಅಂದಿತು. ಈಗ 36 ರಾಜ್ಯಗಳಲ್ಲಿ, ನ್ಯೂಯಾರ್ಕ್ ನಗರದಲ್ಲಿ ಕೂಡ, ಇದೆ. 2025ರ ಜುಲೈ 4ರಂದು ಸಹಿಯಾದ ಕಾನೂನು ಮಿತಿಯನ್ನು ಆ ವರ್ಷಕ್ಕೆ 40,000ಕ್ಕೆ ಏರಿಸಿತು. ಆದಾಯ 5 ಲಕ್ಷ ಡಾಲರ್ ದಾಟಿದವರಿಗೆ ಅದು ಕರಗುತ್ತಾ ಹೋಗಿ 10,000ಕ್ಕೆ ನಿಲ್ಲುತ್ತದೆ. 2030ಕ್ಕೆ ಎಲ್ಲರಿಗೂ ಮತ್ತೆ 10,000. ಪಿಟಿಇ ದಾರಿಯನ್ನು ಮುಚ್ಚುತ್ತಾರೆ ಅಂತ ದೊಡ್ಡ ಗುಲ್ಲಿತ್ತು, ಮುಚ್ಚಲಿಲ್ಲ.

ಈಗ ನಿಮ್ಮ ಲೆಕ್ಕ. ಆ 40,000 ಸಿಗಬೇಕಾದರೆ ನೀವು ಡಿಡಕ್ಷನ್‌ಗಳನ್ನು ಬಿಡಿಬಿಡಿಯಾಗಿ ತೋರಿಸಬೇಕು. ಬಿಡಿಯಾಗಿ ತೋರಿಸದವರಿಗೆ ಸಿಗುವ ಇಡಿಗಂಟು ಕಡಿತ, ಅಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಜೋಡಿಗೆ 2025ಕ್ಕೆ 31,500 ಡಾಲರ್ ಇದೆ. ನಿಮ್ಮ ಮನೆ ಸಾಲದ ಬಡ್ಡಿ, ಪ್ರಾಪರ್ಟಿ ಟ್ಯಾಕ್ಸ್, ರಾಜ್ಯ ತೆರಿಗೆ, ದಾನ ಎಲ್ಲ ಸೇರಿ ಅದನ್ನು ದಾಟದಿದ್ದರೆ ಮಿತಿ 40,000 ಇದ್ದರೂ ಅಷ್ಟೇ, 4 ಲಕ್ಷ ಇದ್ದರೂ ಅಷ್ಟೇ. ಪಿಟಿಇ ಹಾಗಲ್ಲ. ಅದು ಕೆ-1ಗೆ ಬರುವ ಮೊದಲೇ ಲಾಭದಿಂದ ಕಳೆದುಹೋಗುತ್ತದೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಜೊತೆಗೇ ಸಿಗುತ್ತದೆ.

2 ಲಕ್ಷಕ್ಕೆ ಕ್ಯಾಲಿಫೋರ್ನಿಯಾದ 9.3 ಪರ್ಸೆಂಟ್ ಅಂದರೆ 18,600 ಡಾಲರ್. ನೀವು ಫೆಡರಲ್‌ನಲ್ಲಿ 24 ಪರ್ಸೆಂಟ್ ಸ್ಲ್ಯಾಬ್‌ನಲ್ಲಿದ್ದೀರಿ ಅಂದುಕೊಂಡರೆ 4,464 ಉಳಿಯುತ್ತದೆ. ಲಾಭ ಕಡಿಮೆಯಾದರೆ, ವ್ಯಾಪಾರದ ಲಾಭದಲ್ಲಿ ಒಂದು ಪಾಲನ್ನು ಫೆಡರಲ್ ತೆರಿಗೆಯಿಂದ ಬಿಡುವ 20 ಪರ್ಸೆಂಟ್ ಕ್ಯೂಬಿಐ ಡಿಡಕ್ಷನ್‌ ಕೂಡ ಸ್ವಲ್ಪ ಇಳಿಯುತ್ತದೆ, ಅದನ್ನು ಹಿಡಿದರೆ ಕೈಗೆ ಬರುವುದು ಸುಮಾರು 3,570. ಸಿಪಿಎ ಫೀಸು ಕಳೆದರೂ ಬಿಡುವಂಥ ಮೊತ್ತವಲ್ಲ. ಮಿತಿಯ ಕೆಳಗೇ ಇದ್ದು, ದೊಡ್ಡ ಮನೆ ಸಾಲವೂ ಇದ್ದು, ಹೇಗೂ ಎಲ್ಲವನ್ನೂ ಬಿಡಿಯಾಗಿ ತೋರಿಸುವವರಿಗೆ ಮಾತ್ರ ಲಾಭ ತುಂಬ ತೆಳುವಾಗುತ್ತದೆ. ಅಂಥವರಿಗೆ ನಿಮ್ಮ ಸ್ನೇಹಿತರ ಮಾತು ಸರಿ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ತೊಡಕಿದೆ. ಕ್ರೆಡಿಟ್ ನಿಮ್ಮ ರಾಜ್ಯ ತೆರಿಗೆಗಿಂತ ಜಾಸ್ತಿಯಾದರೆ ಹೆಚ್ಚಿನದ್ದು ವಾಪಸ್ ಬರುವುದಿಲ್ಲ, 5 ವರ್ಷದವರೆಗೆ ಮುಂದಕ್ಕೆ ಹೋಗುತ್ತದೆ. ನ್ಯೂಜೆರ್ಸಿ, ನ್ಯೂಯಾರ್ಕ್‌ನಲ್ಲಿ ವಾಪಸ್ ಬರುತ್ತದೆ. ಪತ್ನಿಯ ಸಂಬಳವೂ ಇರುವುದರಿಂದ ನಿಮಗೆ ಇದು ತೊಂದರೆಯಾಗಲಾರದು. ಆದರೆ ಒಬ್ಬರದೇ ಆದಾಯ ಇರುವ, ಲಾಭ 60–70 ಸಾವಿರದ ಮನೆಗಳಲ್ಲಿ ಮಾಲೀಕರ ನಿಜವಾದ ಸರಾಸರಿ ದರ 9.3ಕ್ಕಿಂತ ಎಷ್ಟೋ ಕೆಳಗಿರುತ್ತದೆ, ಅವರು ಇದನ್ನು ಮಾಡಿದರೆ ದುಡ್ಡು ಸರ್ಕಾರದ ಹತ್ತಿರ ವರ್ಷಗಟ್ಟಲೆ ಕೂತಿರುತ್ತದೆ.

ತಾರೀಖು ತಪ್ಪಿಸಬೇಡಿ. ಜೂನ್ 15ಕ್ಕೆ 1,000 ಡಾಲರ್ ಅಥವಾ ಹಿಂದಿನ ವರ್ಷದ ಪಿಟಿಇಯ ಅರ್ಧ, ಯಾವುದು ಜಾಸ್ತಿಯೋ ಅದು ಹೋಗಬೇಕು. 2025ರವರೆಗೆ ಒಂದು ದಿನ ತಡವಾದರೂ ಇಡೀ ವರ್ಷದ ಆಯ್ಕೆ ಕೈತಪ್ಪುತ್ತಿತ್ತು. 2026ರಿಂದ ಸ್ವಲ್ಪ ಸಡಿಲಿಸಿದ್ದಾರೆ, ಕಡಿಮೆ ಬಿದ್ದ ಮೊತ್ತದ 12.5 ಪರ್ಸೆಂಟ್‌ನಷ್ಟು ಕ್ರೆಡಿಟ್ ಕಟ್. ನ್ಯೂಯಾರ್ಕ್‌ನವರು ಆಯಾ ವರ್ಷದ ಮಾರ್ಚ್ 15ರೊಳಗೇ ಆಯ್ಕೆ ಹೇಳಬೇಕು, ಅಂದರೆ ಲಾಭ ಎಷ್ಟು ಅಂತ ಗೊತ್ತಾಗುವ ಮೊದಲು. ಅಂದ ಹಾಗೆ ಇದ್ಯಾವುದೂ ಶೆಡ್ಯೂಲ್ ಸಿ ಹಾಕುವವರಿಗೆ ಇಲ್ಲ. ನಾನೊಬ್ಬನೇ ಮಾಲೀಕ, ಎಲ್‌ಎಲ್‌ಸಿ ಇದೆಯಲ್ಲ ಅಂತ ಕೇಳಬೇಡಿ, ಎಸ್ ಕಾರ್ಪ್ ಆಯ್ಕೆ ಮಾಡದ ಹೊರತು ಸಾಮಾನ್ಯವಾಗಿ ಸಿಗುವುದಿಲ್ಲ.

ಕ್ವೀನ್ಸ್, ನ್ಯೂಯಾರ್ಕ್. ಗ್ರಾಫಿಕ್ ಡಿಸೈನ್ ಕೆಲಸ, ವರ್ಷಕ್ಕೆ 90,000 ಡಾಲರ್ ಉಳಿಯುತ್ತದೆ. ಎಸ್ ಕಾರ್ಪ್ ಮಾಡಿಕೊಂಡರೆ, ಸ್ವಂತ ದುಡಿಮೆಯವರು ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್‌ಗೆ ಕಟ್ಟುವ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಎಲ್ಲರೂ ಅಂದರೆ ಬೇರೆ ಊರಿನವರು ಇರಬೇಕು. ನ್ಯೂಯಾರ್ಕ್ ನಗರ ಎಸ್ ಕಾರ್ಪ್ ಅನ್ನು ಒಪ್ಪುವುದೇ ಇಲ್ಲ. ಅದಕ್ಕೆ ನಿಮ್ಮದೂ ಒಂದು ಮಾಮೂಲಿ ಕಾರ್ಪೊರೇಷನ್, ಲಾಭದ ಮೇಲೆ 8.85 ಪರ್ಸೆಂಟ್ ಕೊಡಿ ಅನ್ನುತ್ತದೆ.

ಸುಮಾರು ಲೆಕ್ಕ ಹಾಕೋಣ. ಈಗಿನ ಹಾಗೇ ಇದ್ದರೆ, ಕಾರ್ಪೊರೇಷನ್ ಅಲ್ಲದ ಬಿಸಿನೆಸ್‌ಗಳಿಗೆ ಬೀಳುವ ನಗರದ ಅನ್‌ಇನ್‌ಕಾರ್ಪೊರೇಟೆಡ್ ಬಿಸಿನೆಸ್ ಟ್ಯಾಕ್ಸ್ 4 ಪರ್ಸೆಂಟ್. 90,000ದಲ್ಲಿ ನಿಮ್ಮ ಸ್ವಂತ ದುಡಿಮೆಗೆ ಅಂತ 10,000, ವಿನಾಯಿತಿ 5,000 ಕಳೆದರೆ 75,000, ಅದಕ್ಕೆ ತೆರಿಗೆ 3,000. ತೆರಿಗೆ 3,400ರ ಒಳಗಿದ್ದರೆ ನಗರ ಪೂರ್ತಿ ಕ್ರೆಡಿಟ್ ಕೊಡುತ್ತದೆ. ಅಂದರೆ ನೀವು ಕಟ್ಟುವುದು ಸೊನ್ನೆ. ಎಸ್ ಕಾರ್ಪ್ ಮಾಡಿ 60,000 ಸಂಬಳ ತೆಗೆದುಕೊಂಡು 30,000 ಲಾಭ ಬಿಟ್ಟಿರಿ ಅನ್ನಿ. ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್‌ನಲ್ಲಿ 3,500ರಷ್ಟು ಉಳಿಯಿತು. ನಗರಕ್ಕೆ 2,600ರ ಆಸುಪಾಸು ಹೋಯಿತು. ಪೇರೋಲ್ ಕಂಪನಿಗೆ, ಎಸ್ ಕಾರ್ಪ್ ರಿಟರ್ನ್ 1120-ಎಸ್ ತುಂಬುವವರಿಗೆ ಕೊಟ್ಟ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ ನೀವೇ ನೋಡಿ. ಜೊತೆಗೆ ನ್ಯೂಯಾರ್ಕ್ ರಾಜ್ಯ ಎಸ್ ಕಾರ್ಪ್ ಅಂತ ಒಪ್ಪಬೇಕಾದರೆ ಐಆರ್‌ಎಸ್‌ಗೆ ಕೊಟ್ಟ ಎಸ್ ಕಾರ್ಪ್ ಅರ್ಜಿ, ಫಾರ್ಮ್ 2553, ಸಾಲದು, ಸಿಟಿ-6 ಅನ್ನುವ ಫಾರ್ಮ್ ಬೇರೆ ಕೊಡಬೇಕು. ನಾನಾದರೆ ಈ ಆದಾಯಕ್ಕೆ ಇದ್ದ ಹಾಗೇ ಇರುತ್ತೇನೆ.

ಹೀಗೆ ಪಾಸ್-ಥ್ರೂ ಅನ್ನುವುದಕ್ಕೆ ಸೊಪ್ಪು ಹಾಕದ ಜಾಗಗಳು ಇನ್ನೂ ಇವೆ. ಟೆನೆಸಿಯಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಆದರೆ ಎಲ್‌ಎಲ್‌ಸಿ, ಎಸ್ ಕಾರ್ಪ್ ಲಾಭಕ್ಕೆ 6.5 ಪರ್ಸೆಂಟ್ ಎಕ್ಸೈಸ್ ಟ್ಯಾಕ್ಸ್, ಮೇಲೆ ಫ್ರ್ಯಾಂಚೈಸ್ ಟ್ಯಾಕ್ಸ್. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ವ್ಯಾಪಾರದ ಲಾಭಕ್ಕೆ 7.5. ವಾಷಿಂಗ್ಟನ್ ಡಿಸಿಯೂ ಎಸ್ ಕಾರ್ಪ್ ಒಪ್ಪುವುದಿಲ್ಲ. ಇಲಿನಾಯ್ ಪಾರ್ಟ್‌ನರ್‌ಶಿಪ್ ಮತ್ತು ಎಸ್ ಕಾರ್ಪ್‌ಗಳಿಂದ 1.5 ಪರ್ಸೆಂಟ್ ರಿಪ್ಲೇಸ್‌ಮೆಂಟ್ ಟ್ಯಾಕ್ಸ್ ತೆಗೆದುಕೊಳ್ಳುತ್ತದೆ, ಕ್ಯಾಲಿಫೋರ್ನಿಯಾ ಎಸ್ ಕಾರ್ಪ್ ಲಾಭದಿಂದ 1.5. ವಾಷಿಂಗ್ಟನ್ ರಾಜ್ಯದ ಬಿ ಅಂಡ್ ಓ ತೆರಿಗೆಯಂತೂ ಲಾಭವನ್ನೇ ಕೇಳುವುದಿಲ್ಲ, ಒಟ್ಟು ವಸೂಲಿಯ ಮೇಲೆ ಬೀಳುತ್ತದೆ.

ನಾವು ಓಹಾಯೊದ ಕೊಲಂಬಸ್‌ನಲ್ಲಿ ಕೇಟರಿಂಗ್ ನಡೆಸುತ್ತೇವೆ, ಗಂಡ ಹೆಂಡತಿ ಇಬ್ಬರದೇ ಎಸ್ ಕಾರ್ಪ್. ಇಲ್ಲಿ ಮೊದಲ 2,50,000 ಡಾಲರ್‌ಗೆ ರಾಜ್ಯ ತೆರಿಗೆ ಇಲ್ಲವಂತೆ. ಅದು ಲಾಭಕ್ಕೆ ಮಾತ್ರವಾ, ನಾವು ತೆಗೆದುಕೊಳ್ಳುವ ಸಂಬಳಕ್ಕೂ ಉಂಟಾ?

ಸಂಬಳಕ್ಕೂ ಉಂಟು! ಇದನ್ನು ಎಷ್ಟೋ ಜನ ಬಿಟ್ಟುಕೊಂಡಿರುತ್ತಾರೆ. ಓಹಾಯೊದಲ್ಲಿ ವ್ಯಾಪಾರದ ಆದಾಯ ಜೋಡಿಗೆ 2,50,000 ಡಾಲರ್‌ವರೆಗೆ ಮಾಫಿ, ಮೇಲಿನದ್ದಕ್ಕೆ 3 ಪರ್ಸೆಂಟ್. ಕಂಪನಿಯಲ್ಲಿ ಕನಿಷ್ಠ 20 ಪರ್ಸೆಂಟ್ ಪಾಲು ಇರುವ ಮಾಲೀಕರಿಗೆ ಅದೇ ಕಂಪನಿ ಕೊಟ್ಟ ಸಂಬಳವನ್ನೂ ವ್ಯಾಪಾರದ ಆದಾಯ ಅಂತಲೇ ಓಹಾಯೊ ಎಣಿಸುತ್ತದೆ. ನೀವಿಬ್ಬರೇ ಮಾಲೀಕರು, ಹಾಗಾಗಿ ಸಾಮಾನ್ಯವಾಗಿ ಇಬ್ಬರಿಗೂ ಸಿಗಬೇಕು. ಸಾಫ್ಟ್‌ವೇರ್‌ನಲ್ಲಿ ನೀವೇ ರಿಟರ್ನ್ ತುಂಬುವಾಗ ಸಂಬಳದ ವಿವರವಿರುವ ಡಬ್ಲ್ಯು-2 ಸುಮ್ನೆ ಸಂಬಳದ ಸಾಲಿಗೆ ಹೋಗಿ ಕೂರುತ್ತದೆ, ಅದನ್ನು ವ್ಯಾಪಾರದ ಆದಾಯ ಅಂತ ಗುರುತು ಮಾಡುವ ಕೆಲಸ ನಿಮ್ಮದು. ಹಿಂದಿನ ವರ್ಷ ಬಿಟ್ಟುಹೋಗಿದ್ದರೆ ತಿದ್ದಿದ ರಿಟರ್ನ್ ಹಾಕಿ. ಊರಿಗೆ ಮಾತ್ರ ಈ ಮಾಫಿ ಗೊತ್ತಿಲ್ಲ, ಕೊಲಂಬಸ್ ತನ್ನ 2.5 ಪರ್ಸೆಂಟ್ ಕೇಳುತ್ತದೆ.

ಇಂಥ ರಿಯಾಯಿತಿ ಎಲ್ಲ ಕಡೆ ಇಲ್ಲ. ಸೌತ್ ಕ್ಯಾರೊಲಿನಾದಲ್ಲಿ ಸಕ್ರಿಯ ವ್ಯಾಪಾರದ ಆದಾಯಕ್ಕೆ ಬೇಕಿದ್ದರೆ 3 ಪರ್ಸೆಂಟ್ ದರ ಆರಿಸಿಕೊಳ್ಳಬಹುದು. ಕ್ಯಾನ್ಸಸ್ ಇನ್ನೂ ಮುಂದೆ ಹೋಗಿ 2012ರಲ್ಲಿ ಪಾಸ್-ಥ್ರೂ ಆದಾಯಕ್ಕೆ ರಾಜ್ಯ ತೆರಿಗೆಯನ್ನು ಪೂರ್ತಿ ತೆಗೆದುಹಾಕಿತು. ಆಮೇಲೆ ಖಜಾನೆ ಬರಿದಾಗಿ, ಶಾಲೆ ರಸ್ತೆಗಳಿಗೆ ದುಡ್ಡಿಲ್ಲದೆ, 2017ರಲ್ಲಿ ಗವರ್ನರ್ ಬ್ರೌನ್‌ಬ್ಯಾಕ್ ಅವರ ವೀಟೊ ಮೀರಿ ಶಾಸನಸಭೆ ಅದನ್ನು ರದ್ದು ಮಾಡಿತು. ಅಂದರೆ ಇವತ್ತಿನ ಮಾಫಿ ನಂಬಿಕೊಂಡು ಹತ್ತು ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ.

ಫೆಡರಲ್‌ನಲ್ಲಿ ಸಿಕ್ಕ 20 ಪರ್ಸೆಂಟ್ ಕ್ಯೂಬಿಐ ಡಿಡಕ್ಷನ್ ಸ್ಟೇಟ್ ರಿಟರ್ನ್‌ನಲ್ಲಿ ಎಲ್ಲೂ ಕಾಣುತ್ತಿಲ್ಲ. ನನ್ನ ಅಕೌಂಟೆಂಟ್ ಮರೆತರೇ?

ಇಲ್ಲ, ಅವರನ್ನು ಬಯ್ಯಬೇಡಿ. ಹೆಚ್ಚಿನ ರಾಜ್ಯಗಳು ತಮ್ಮ ಲೆಕ್ಕವನ್ನು ಫೆಡರಲ್ ಎಜಿಐನಿಂದ (ಸ್ಟ್ಯಾಂಡರ್ಡ್ ಡಿಡಕ್ಷನ್ ಮುಂತಾದವನ್ನು ಕಳೆಯುವ ಮೊದಲಿನ ಆದಾಯ) ಶುರು ಮಾಡುತ್ತವೆ. ಕ್ಯೂಬಿಐ ಕಳೆಯುವುದು ಅದರ ನಂತರದ ಸಾಲಿನಲ್ಲಿ, ಆದ್ದರಿಂದ ರಾಜ್ಯದ ಕಣ್ಣಿಗೆ ಬೀಳುವುದೇ ಇಲ್ಲ. ಐಡಾಹೊ, ನಾರ್ತ್ ಡಕೋಟಾದಂಥ ಕೆಲವೇ ರಾಜ್ಯಗಳು ಕೊಡುತ್ತವೆ.

ಪ್ರಿಂಟಿಂಗ್ ಅಂಗಡಿಗೆ 60,000 ಡಾಲರ್ ಮಷೀನ್ ತೆಗೆದುಕೊಂಡೆ. ಐಆರ್‌ಎಸ್ ಲೆಕ್ಕದಲ್ಲಿ ಲಾಭ ಕಡಿಮೆ, ಕ್ಯಾಲಿಫೋರ್ನಿಯಾ ಲೆಕ್ಕದಲ್ಲಿ ಲಾಭ ಜಾಸ್ತಿ. ಒಂದೇ ಅಂಗಡಿಗೆ ಎರಡು ಲಾಭ ಹೇಗೆ?

ಹಾಗೇ ಇರುತ್ತದೆ. ಫೆಡರಲ್‌ನಲ್ಲಿ ಪೂರ್ತಿ 60,000ವನ್ನು ಅದೇ ವರ್ಷ ಖರ್ಚು ಹಾಕಬಹುದು. ಕ್ಯಾಲಿಫೋರ್ನಿಯಾ ಬೋನಸ್ ಡಿಪ್ರಿಸಿಯೇಷನ್, ಅಂದರೆ ಮೊದಲ ವರ್ಷವೇ ಸವಕಳಿ ಕಳೆದುಬಿಡುವುದನ್ನು ಒಪ್ಪುವುದಿಲ್ಲ, ಅಂಥದ್ದೇ ಇನ್ನೊಂದು ನಿಯಮವಾದ ಸೆಕ್ಷನ್ 179ರಲ್ಲಿ 25,000ಕ್ಕೆ ನಿಲ್ಲಿಸುತ್ತದೆ. ಉಳಿದ 35,000 ವರ್ಷವರ್ಷ ಸ್ವಲ್ಪಸ್ವಲ್ಪವಾಗಿ ಸಿಗುತ್ತದೆ. ಎರಡು ಸವಕಳಿ ಪಟ್ಟಿ ಇಟ್ಟುಕೊಳ್ಳಿ, ಮಷೀನ್ ಮಾರುವ ದಿನ ಬೇಕಾಗುತ್ತದೆ.

ಸ್ಟೇಟ್ ಎಸ್ಟಿಮೇಟೆಡ್ ಟ್ಯಾಕ್ಸ್ (ಮುಂಗಡ ತೆರಿಗೆ) ನಾಲ್ಕು ಸಮ ಕಂತಿನಲ್ಲಿ ಸರಿಯಾಗಿ ಕಟ್ಟಿದೆ. ಆದರೂ ಕ್ಯಾಲಿಫೋರ್ನಿಯಾ ದಂಡ ಹಾಕಿದೆ.

ಸಮ ಕಂತು ಐಆರ್‌ಎಸ್ ಪದ್ಧತಿ. ಕ್ಯಾಲಿಫೋರ್ನಿಯಾದ್ದು ಏಪ್ರಿಲ್‌ಗೆ 30 ಪರ್ಸೆಂಟ್, ಜೂನ್‌ಗೆ 40, ಸೆಪ್ಟೆಂಬರ್‌ಗೆ ಏನೂ ಇಲ್ಲ, ಜನವರಿಗೆ 30. ಜೂನ್ ಹೊತ್ತಿಗೆ 70 ಆಗಬೇಕಿತ್ತು, ನಿಮ್ಮದು 50 ಆಗಿತ್ತು, ಆ ಕೊರತೆಗೆ ದಂಡ. ವರ್ಷದ ಕೊನೆಯಲ್ಲಿ ಮಾತ್ರ ಆದಾಯ ಬರುವ ವ್ಯಾಪಾರವಾದರೆ ಆದಾಯ ಬಂದ ತಿಂಗಳ ಪ್ರಕಾರ ಲೆಕ್ಕ ಹಾಕಿ ದಂಡ ಇಳಿಸಿಕೊಳ್ಳಬಹುದು.

ಮೈಸೂರಿನಲ್ಲಿರುವ ತಮ್ಮ ನನ್ನ ಎಸ್ ಕಾರ್ಪ್‌ಗೆ ದುಡ್ಡು ಹಾಕಿ ಪಾಲುದಾರನಾಗುತ್ತೇನೆ ಅನ್ನುತ್ತಾನೆ. ರಾಜ್ಯದ ನಿಯಮ ಏನು?

ರಾಜ್ಯದವರೆಗೆ ಹೋಗುವುದೇ ಬೇಡ. ಅಮೆರಿಕದ ತೆರಿಗೆ ಲೆಕ್ಕದಲ್ಲಿ ನಾನ್-ರೆಸಿಡೆಂಟ್ ಆದ ವಿದೇಶಿಯರು ಎಸ್ ಕಾರ್ಪ್‌ನಲ್ಲಿ ಷೇರು ಇಟ್ಟುಕೊಳ್ಳುವಂತಿಲ್ಲ. ಒಂದು ಷೇರು ಕೊಟ್ಟ ದಿನವೇ ನಿಮ್ಮ ಎಸ್ ಮಾನ್ಯತೆ ಹೋಗುತ್ತದೆ, ಆಮೇಲೆ ಕಂಪನಿಗೂ ತೆರಿಗೆ, ನಿಮಗೆ ಡಿವಿಡೆಂಡ್ ತೆಗೆದಾಗಲೂ ತೆರಿಗೆ. ತಮ್ಮನ ದುಡ್ಡನ್ನು ಸಾಲ ಅಂತ ಬರೆದುಕೊಂಡು ಬಡ್ಡಿ ಕೊಡಿ, ಕಾಗದ ಪತ್ರ ಸರಿಯಾಗಿ ಮಾಡಿಸಿ. ಪಾಲುದಾರನೇ ಆಗಬೇಕು ಅಂದರೆ ಪಾರ್ಟ್‌ನರ್‌ಶಿಪ್ ಎಲ್‌ಎಲ್‌ಸಿ ಬೇಕು, ಅದರಲ್ಲಿ ಅವನ ಪಾಲಿನ ಲಾಭದ ಮೇಲೆ ಫೆಡರಲ್‌ಗೆ 37 ಪರ್ಸೆಂಟ್, ಕ್ಯಾಲಿಫೋರ್ನಿಯಾದಲ್ಲಾದರೆ ರಾಜ್ಯಕ್ಕೂ 12.3 ಪರ್ಸೆಂಟ್ ನೀವೇ ಹಿಡಿದು ಕಟ್ಟಬೇಕು. ರಿಟರ್ನ್ ಹಾಕಿ ಜಾಸ್ತಿ ಹೋದದ್ದನ್ನು ಅವನು ವಾಪಸ್ ಪಡೆಯಬಹುದು, ಆದರೆ ಅಲ್ಲಿಯವರೆಗೆ ದುಡ್ಡು ಕೈಯಲ್ಲಿರುವುದಿಲ್ಲ.

ಹೆಸರು ಬೇಡ, ಊರೂ ಬೇಡ. ಮೂರು ರಾಜ್ಯಗಳಲ್ಲಿ ಗಿರಾಕಿಗಳಿದ್ದಾರೆ. ನಾನು ನನ್ನ ರಾಜ್ಯದಲ್ಲಿ ಮಾತ್ರ ರಿಟರ್ನ್ ಹಾಕುತ್ತಾ ಬಂದಿದ್ದೇನೆ, ಐದಾರು ವರ್ಷ. ಇನ್ನೂ ಯಾರೂ ಕೇಳಿಲ್ಲ. ಕೇಳಿದಾಗ ನೋಡೋಣ ಅಂತ ಇರಲೇ?

ಇರಬೇಡಿ. ರಿಟರ್ನ್ ಹಾಕಿದರೆ ಕೆಲವು ವರ್ಷದ ನಂತರ ಆ ವರ್ಷದ ಬಾಗಿಲು ಮುಚ್ಚುತ್ತದೆ. ಹಾಕದೇ ಇದ್ದರೆ ಗಡುವು ಶುರುವಾಗುವುದೇ ಇಲ್ಲ, ಹತ್ತು ವರ್ಷದ ನಂತರವೂ ಕೇಳಬಹುದು.

ಮೊದಲು ಆ ಮೂರರಲ್ಲಿ ಯಾವುದಕ್ಕೆ ನಿಜವಾಗಿ ಕೊಡಬೇಕು ಅಂತ ನೋಡಿ. ನೀವು ಮಾರುವುದು ಸಾಮಾನಾಗಿದ್ದು, ಆ ರಾಜ್ಯದಲ್ಲಿ ಆರ್ಡರ್ ಕೇಳುವುದು ಬಿಟ್ಟು ಬೇರೇನೂ ಮಾಡದಿದ್ದರೆ 1959ರ ಫೆಡರಲ್ ಕಾನೂನೊಂದು ಆದಾಯ ತೆರಿಗೆಯಿಂದ ರಕ್ಷಣೆ ಕೊಡುತ್ತದೆ. ಅಲ್ಲಿನ ಗೋಡೌನ್‌ನಲ್ಲಿ ಸರಕು ಇಟ್ಟರೆ ಆ ರಕ್ಷಣೆ ಹೋಯಿತು, ಗೋಡೌನ್ ಅಮೆಜಾನ್‌ದಾದರೂ ಅಷ್ಟೇ. ಸೇವೆ ಕೊಡುವವರಿಗೆ ಈ ಕಾನೂನು ಇಲ್ಲ.

ಕೊಡಬೇಕು ಅಂತಾದರೆ ರಾಜ್ಯಗಳಲ್ಲಿ ಸ್ವಯಂ ಘೋಷಣೆ ಯೋಜನೆಗಳಿವೆ. ನೀವಾಗಿಯೇ ಹೋದರೆ ಸಾಮಾನ್ಯವಾಗಿ ಹಿಂದಿನ 3–4 ವರ್ಷದ ತೆರಿಗೆ ಮತ್ತು ಬಡ್ಡಿಗೆ ಮುಗಿಸುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ 6 ವರ್ಷ, ದಂಡದಲ್ಲಿ ಬಹುಪಾಲು ಬಿಡುತ್ತಾರೆ. ಒಂದಕ್ಕಿಂತ ಹೆಚ್ಚು ರಾಜ್ಯಗಳಿದ್ದರೆ, ರಾಜ್ಯಗಳ ಜಂಟಿ ಸಂಸ್ಥೆಯಾದ ಮಲ್ಟಿಸ್ಟೇಟ್ ಟ್ಯಾಕ್ಸ್ ಕಮಿಷನ್ ಮೂಲಕ ಒಟ್ಟಿಗೆ ಮಾಡಬಹುದು, ಒಪ್ಪಂದ ಕುದುರುವವರೆಗೆ ನಿಮ್ಮ ಹೆಸರು ಹೊರಗೆ ಬರುವುದಿಲ್ಲ. ಆದರೆ ಆ ರಾಜ್ಯ ನಿಮಗೆ ಮೊದಲು ಪತ್ರ ಬರೆದರೆ ಈ ದಾರಿ ಮುಚ್ಚಿತು. ಪ್ಲೇನೋದ ಓದುಗರು ಈ ಉತ್ತರ ಓದಿ ಕೈ ಹಿಸುಕಿಕೊಳ್ಳಬಹುದು.

ಇನ್ನೊಂದು ಗಡಿಯಾರ ನಿಮ್ಮ ಸ್ವಂತ ರಾಜ್ಯದಲ್ಲಿ ಓಡುತ್ತಿದೆ. ಬೇರೆ ರಾಜ್ಯಕ್ಕೆ ಈಗ ಕಟ್ಟುವ ಹಳೆಯ ತೆರಿಗೆಗೆ ನಿಮ್ಮ ರಾಜ್ಯದಲ್ಲಿ ಕ್ರೆಡಿಟ್ ಬೇಕಾದರೆ ಆಯಾ ವರ್ಷದ ರಿಟರ್ನ್ ತಿದ್ದಬೇಕು, ಅದಕ್ಕೆ ಗಡುವು ಸಾಮಾನ್ಯವಾಗಿ 3 ಅಥವಾ 4 ವರ್ಷ. ತಡ ಮಾಡಿದಷ್ಟೂ ಆ ಕಡೆ ಕೊಡುವ ವರ್ಷಗಳು ಹಾಗೇ ಉಳಿದು, ಈ ಕಡೆ ವಾಪಸ್ ಕೇಳುವ ವರ್ಷಗಳು ಒಂದೊಂದಾಗಿ ಕಳಚಿಹೋಗುತ್ತವೆ. ಈ ವರ್ಷದ ರಿಟರ್ನ್ ಹಾಕುವ ಮೊದಲೇ, ಒಂದಕ್ಕಿಂತ ಹೆಚ್ಚು ರಾಜ್ಯಗಳ ಲೆಕ್ಕ ಮಾಡಿ ಅನುಭವ ಇರುವ ಸಿಪಿಎ ಅಥವಾ ಎನ್ರೋಲ್ಡ್ ಏಜೆಂಟ್ (ಐಆರ್‌ಎಸ್ ಮಾನ್ಯತೆ ಇರುವ ತೆರಿಗೆ ಸಲಹೆಗಾರ) ಒಬ್ಬರನ್ನು ಹಿಡಿಯಿರಿ, ಗಿರಾಕಿವಾರು ವಸೂಲಿ ಪಟ್ಟಿ ಜೊತೆಗೆ ಒಯ್ಯಿರಿ.